ಬೆಕ್ಕಿನ ರಾಜಿಗೆ ಹಚ್ಚಿದ ‘ರಿ’

ಕೊರೋನಾ ಮುಗಿದ ಮರುವರ್ಷ ನಾನು ಸವಣೂರು ಕಡೆಯ ಠಾಣೆಯೊಂದರಲ್ಲಿ ಎ.ಎಸ್.ಐ. ಆಗಿದ್ದೆ. ಎ.ಎಸ್.ಐ. ಎಂದರೆ ಸಬ್ ಇನ್ಸ್‌ಪೆಕ್ಟರರಿಗಿಂತ ಒಂದು ಮೆಟ್ಟಿಲು ಕೆಳಗಿನ ಹುದ್ದೆ. ಅವರಿಗೆ ಬೇಡವಾದ ಅರ್ಜಿಗಳೆಲ್ಲ ಆ ಮೆಟ್ಟಿಲ ಮೇಲೆಯೇ ಬಂದು ಕೂರುತ್ತವೆ. ಕಳವು, ಅಪಘಾತ ಸಾಹೇಬರ ಟೇಬಲ್ಲಿಗೆ. ಚರಂಡಿ ನೀರು, ಬದುವಿನ ಬೇವಿನ ಮರ, ಹುಂಜದ ಕೂಗು ನನ್ನ ಟೇಬಲ್ಲಿಗೆ. ಹೀಗಾಗಿ ಬೆಕ್ಕೂ ನನ್ನ ಟೇಬಲ್ಲಿಗೇ ಬಂತು.

ಅರ್ಜಿದಾರರು ಇಂದಿರಾಬಾಯಿ, ಎಪ್ಪತ್ತರ ಆಸುಪಾಸಿನ ನಿವೃತ್ತ ಶಿಕ್ಷಕಿ, ವೈಷ್ಣವ ಮನೆತನದವರು. ಎದುರುದಾರರು ಪಕ್ಕದ ಮನೆಯ ಜೈತೂನಬಿ, ಬಳೆ ಅಂಗಡಿಯವರು, ಊರಿನ ಅರ್ಧ ಹೆಣ್ಣುಮಕ್ಕಳ ಮುಂಗೈ ಅಳತೆ ಬಾಯಿಪಾಠ ಬಲ್ಲವರು. ಇಬ್ಬರೂ ಒಂದೇ ಓಣಿಯಲ್ಲಿ ಹುಟ್ಟಿ, ಒಂದೇ ಕನ್ನಡ ಸಾಲೆಯಲ್ಲಿ ಕಲಿತವರು. ಆರೋಪಿ, ಜೈತೂನಬಿಯ ಗಂಡುಬೆಕ್ಕು, ಹೆಸರು ನವಾಬ.

ನವಾಬ ದಿನಾ ಬೆಳಿಗ್ಗೆ ಮೋಟು ಗೋಡೆ ಹಾರಿ, ಇಂದಿರಾಬಾಯಿ ಪೂಜೆಗೆಂದು ಬೆಳೆಸಿದ್ದ ತುಳಸಿ ಮಡಿಯ ಸಡಿಲ ಮಣ್ಣು ಕೆದರಿ, ತನ್ನ ಪ್ರಾತರ್ವಿಧಿ ಮುಗಿಸಿ, ಸಭ್ಯ ನಾಗರಿಕನಂತೆ ಮಣ್ಣು ಮುಚ್ಚಿ ಹಿಂದಿರುಗುತ್ತಿದ್ದ. ಮಡಿ ಎಂಬ ಶಬ್ದಕ್ಕೆ ಎಷ್ಟು ಅರ್ಥಗಳಿವೆಯೋ ಅಷ್ಟೂ ಅರ್ಥಗಳಲ್ಲಿ ಮಡಿ ಕೆಟ್ಟಿತ್ತು. ಒಂದು ದಿನ ಇಂದಿರಾಬಾಯಿ ಅವನ ಮೇಲೆ ಚೊಂಬಿನಿಂದ ನೀರು ಎರಚಿದರು. ನೀರಿನ ಹಿಂದೆ ಚೊಂಬೂ ಹೋಯಿತು. ನವಾಬ ಕುಂಟಿದ. ಜಗಳವಾಯಿತು. ‘ಹೋಗ ಬೇ, ಪೊಲೀಸರಿಗೆ ಹೇಳ ಹೋಗ’ ಎಂದು ಜೈತೂನಬಿ ಅಂದರಂತೆ. ನಿವೃತ್ತ ಶಿಕ್ಷಕಿಗೆ ಹಾಗೆ ಹೇಳಬಾರದು. ಅವರು ಬಂದೇ ಬಿಟ್ಟರು.

ಕಾನೂನಿನಲ್ಲಿ ಅತಿಕ್ರಮ ಪ್ರವೇಶ ಎಂದರೆ ದುರುದ್ದೇಶದಿಂದ ಬೇರೆಯವರ ಜಾಗಕ್ಕೆ ನುಗ್ಗುವುದು. ನವಾಬನ ಉದ್ದೇಶ ಬಹಳ ಸ್ಪಷ್ಟವಾಗಿತ್ತು, ಆದರೆ ಅದಕ್ಕೆ ಹೊಂದುವ ಕಲಂ ಎಲ್ಲೂ ಸಿಗಲಿಲ್ಲ. ಸಾಹೇಬರು ಮಾತ್ರ ಎರಡು ಹೆಸರುಗಳನ್ನು ಒಟ್ಟಿಗೆ ಓದಿ ಗಂಭೀರರಾದರು. ‘ಈ ಹೆಸರು ಹಿಡ್ಕೊಂಡು ಹೊರಗಿನವರು ಬೇರೆ ಏನರ ಕಟ್ಟೂದ್ರಾಗ, ಇವತ್ತs ಮುಗಿಸಿಬಿಡ’ ಎಂದರು. ನಾನು ಇಬ್ಬರನ್ನೂ ಎದುರುಬದುರು ಕೂರಿಸಿದೆ.

‘ಏ ಜೈತಾ, ಅಂವಗ ನಿಮ್ಮ ಹಿತ್ತಲಾ ಇಲ್ಲೇನ? ನನ್ನ ತುಳಸಿನs ಬೇಕೇನ?’ ಎಂದು ಇಂದಿರಾಬಾಯಿ ಆರಂಭಿಸಿದರು.

‘ಅಂವೇನ ಸಾಲಿ ಕಲ್ತಾನೇನ ಬೇ, ಬೋರ್ಡ ಓದಿ ತಿರುಗಾಡಾಕ? ನೀ ಕಲಿಸಿದ ಹುಡುಗ್ರs ಓದಂಗಿಲ್ಲ!’

‘ನೀ ಸಾಲಿ ಮಾತ ಆಡಬ್ಯಾಡ. ನನ್ನ ಪಾಟಿ ನೋಡಿ ಬರದs ನೀ ಎರಡನೇತ್ತಾ ಪಾಸಾದಾಕಿ.’

ಸುತ್ತ ನಿಂತಿದ್ದ ಕಾನ್‌ಸ್ಟೇಬಲ್‌ಗಳು ಗೊಳ್ಳೆಂದು ನಕ್ಕರು. ಈ ಮಾತು ಹಿತ್ತಲ ಗೋಡೆಯ ಮೇಲೆ ಎಷ್ಟೋ ಸಲ ಆಗಿರಬೇಕು. ಆದರೆ ಅಲ್ಲಿ ಖಾಕಿ ತೊಟ್ಟು ನಗುವವರು ಇರಲಿಲ್ಲ. ಜೈತೂನಬಿಯ ಮುಖ ಸಣ್ಣದಾಯಿತು. ಸೆರಗು ತಲೆಯ ಮೇಲೆ ಎಳೆದುಕೊಂಡು ನನ್ನ ಕಡೆ ತಿರುಗಿದರು.

‘ಸಾಹೇಬ್ರ, ಇಕಿಗೆ ಹೇಳ್ರಿ. ಇನ್ನ ಮ್ಯಾಲೆ ನನಗ ರಿ ಹಚ್ಚಿ ಮಾತಾಡ್ಬೇಕು. ಜೈತಾ-ಗೀತಾ ಅನ್ನಂಗಿಲ್ಲ.’

ಇಂದಿರಾಬಾಯಿಯೂ ನನ್ನ ಕಡೆಗೇ ತಿರುಗಿ, ‘ಆಗ್ಲಿ. ಆಕಿನೂ ನನಗ ರಿ ಅನ್ಬೇಕು. ಬೇ-ಗೀ ನಡಿಯೂದಿಲ್ಲ’ ಎಂದರು.

ನನಗೆ ಒಳಗೊಳಗೇ ಹಿಗ್ಗು. ನಮಗೆ ಬರುವ ಅರ್ಜಿಗಳಲ್ಲಿ ಅರ್ಧಕ್ಕರ್ಧ ‘ಏಕವಚನದಲ್ಲಿ ಬೈದಿರುತ್ತಾರೆ’ ಎಂದೇ ಶುರುವಾಗುತ್ತವೆ. ಕಕ್ಷಿದಾರರ ಬಾಯಲ್ಲಿ ಬಹುವಚನ ಹೊರಡಿಸುವುದು ಹಲ್ಲು ಕೀಳುವಷ್ಟೇ ಕಷ್ಟ. ಇಲ್ಲಿ ಅದು ತಾನಾಗಿ ಕೈಗೆ ಬಂದಿತ್ತು. ರಾಜಿಯಾಯಿತು. ತುಳಸಿಗೆ ಬಲೆ ಹಾಕುವುದು ಇಂದಿರಾಬಾಯಿ, ನವಾಬನಿಗೆ ಮರಳು ತುಂಬಿದ ತೊಟ್ಟಿ ಇಡುವುದು ಜೈತೂನಬಿ, ಚೊಂಬು ಎಸೆಯತಕ್ಕದ್ದಲ್ಲ, ಪರಸ್ಪರ ಬಹುವಚನ. ಚಹಾ ತರಿಸಿದೆ.

ಬೆಕ್ಕಿನ ಷರತ್ತುಗಳು ವಾರವೂ ಬಾಳಲಿಲ್ಲ. ಮರಳಿನ ತೊಟ್ಟಿಯಲ್ಲಿ ನವಾಬ ಮಲಗಿದ, ಬಲೆಯನ್ನು ಒಂದು ಮೂಲೆಯಿಂದ ಎತ್ತುವುದನ್ನು ಕಲಿತ. ಮುರಿಯದೆ ಉಳಿದದ್ದು ‘ರಿ’ ಒಂದೇ.

ಕೆಲವು ತಿಂಗಳ ನಂತರ ಬೀಟ್‌ಗೆ ಹೋದಾಗ, ಅಂದರೆ ಓಣಿ ಗಸ್ತಿಗೆ, ಇಂದಿರಾಬಾಯಿ ತಮ್ಮ ಹಿತ್ತಲಲ್ಲಿ ನನ್ನನ್ನು ಕೂರಿಸಿ ಚಹಾ ಕೊಟ್ಟರು. ಗೋಡೆಯಾಚೆಯಿಂದ ಜೈತೂನಬಿಯ ದನಿ ಬಂತು.

‘ಇಂದಿರಾಬಾಯಿಯವರ, ನಮ್ಮ ಬೆಕ್ಕು ನಿಮ್ಮ ಕಡೆ ಬಂದೈತೇನ್ರಿ?’

‘ಬಂದದರಿ. ಇರ್ಲಿ ಬಿಡ್ರಿ.’

‘ತಪ್ಪಾತ್ರಿ.’

‘ಇರ್ಲಿರಿ.’

ಅಷ್ಟಕ್ಕೆ ಮುಗಿಯಿತು. ಮೊದಲು ಇದೇ ವಿಷಯಕ್ಕೆ ಅರ್ಧ ತಾಸು ಹಿಡಿಯುತ್ತಿತ್ತಂತೆ; ಬೈಗುಳದ ಸಂದಿಯಲ್ಲಿ ಮೊಣಕಾಲ ನೋವು, ಯಾರದೋ ನಿಶ್ಚಿತಾರ್ಥ, ಬದನೆಕಾಯಿಯ ರೇಟು ಎಲ್ಲ ಈ ಕಡೆಯಿಂದ ಆ ಕಡೆ ದಾಟುತ್ತಿದ್ದವು. ‘ಬದುಕೀಯೇನ ಬೇ, ಸತ್ತಿ ಅಂದ್ಕೊಂಡಿದ್ದೆ’ ಎನ್ನುವುದನ್ನು ಬಹುವಚನದಲ್ಲಿ ಕೇಳಲು ನಮ್ಮ ಭಾಷೆ ಒಪ್ಪುವುದಿಲ್ಲ.

ನಾನು ಇಲಾಖೆಯ ಗಾಂಭೀರ್ಯವನ್ನೆಲ್ಲ ಕೂಡಿಸಿಕೊಂಡು, ‘ಬಾಯಾರ, ಆ ಷರತ್ತು ಇವತ್ತಿನಿಂದ ರದ್ದಾತ್ರಿ. ಒಂದ ಸಲ ಏ ಜೈತಾ ಅಂತ ಕೂಗ್ರಿ’ ಎಂದೆ.

ಅವರು ಲೋಟ ತೊಳೆಯುತ್ತ, ‘ಕೂಗಿದ್ರ ಆಕಿ ಓ ಅನ್ಲಿಲ್ಲಂದ್ರ?’ ಎಂದರು.

ಅಲ್ಲಿಂದ ನೇರ ಪಕ್ಕದ ಮನೆಯ ಮುಂಭಾಗದ ಬಳೆ ಅಂಗಡಿಗೆ ಹೋದೆ. ಜೈತೂನಬಿ ಬಳೆ ಒರೆಸುತ್ತ, ‘ಆಕಿ ಕಲ್ತಾಕಿ. ಮೊದ್ಲ ಆಕಿ ಅನ್ಲಿ. ನಾ ಓ ಅನ್ನಂಗಿಲ್ಲ ಅಂತೇನೇನ್ರಿ?’ ಎಂದರು. ಮತ್ತೆ ಹಿತ್ತಲಿಗೆ ಬಂದು ಆ ಮಾತನ್ನು ಹಾಗೆಯೇ ದಾಟಿಸಿದೆ. ‘ಹೌದೇನ್ರಿ?’ ಎಂದರು ಇಂದಿರಾಬಾಯಿ. ಗೋಡೆಯ ಕಡೆ ನೋಡಿದರು. ಕೂಗಲಿಲ್ಲ. ಆಮೇಲೂ ಕೂಗಲಿಲ್ಲ.

ಮರುವರ್ಷ ಜೈತೂನಬಿಯ ಮೊಣಕಾಲು ಪೂರ್ತಿ ಕೈಕೊಟ್ಟಿತು. ಹಿರೇಕೆರೂರಿನ ಮಗಳು ಬಂದು ಕರೆದುಕೊಂಡು ಹೊರಟಳು. ಆ ದಿನ ಬಸ್ ಸ್ಟ್ಯಾಂಡಿನಲ್ಲಿ ನನ್ನ ಡ್ಯೂಟಿ ಇತ್ತು. ಇಂದಿರಾಬಾಯಿ ಅಂಟಿನ ಉಂಡೆಯ ಡಬ್ಬಿ ಹಿಡಿದು ಬಂದಿದ್ದರು. ಕಿಟಕಿಯಿಂದ ಜೈತೂನಬಿ ಬಗ್ಗಿದರು.

‘ನವಾಬ ಚೀಲದಾಗ ಕುಂಡ್ರಲೇ ಇಲ್ಲರಿ. ನಿಮ್ಮ ತುಳಸ್ಯಾಗs ಅದಾನ. ಒಂಚೂರು ನೋಡ್ಕೋರಿ.’

‘ನೋಡ್ಕೋತೀನ್ರಿ.’

ಡ್ರೈವರ್ ಹಾರ್ನ್ ಹೊಡೆದ. ಇಂದಿರಾಬಾಯಿ ಬಾಯಿ ತೆರೆದರು. ಈಗ ಬರುತ್ತದೆ ಎಂದು ನಾನು ಉಸಿರು ಹಿಡಿದು ನಿಂತೆ. ಜೈತೂನಬಿಯೂ ಅವರ ಬಾಯನ್ನೇ ನೋಡುತ್ತಿದ್ದರು.

‘ಹುಷಾರಾಗಿ... ಹೋಗಿ ಬರ್ರಿ.’

ಬಸ್ಸು ಹೋಯಿತು.

ಆಮೇಲೆ ಆ ಓಣಿಯಲ್ಲಿ ಹೋಗುವಾಗಲೆಲ್ಲ ಹಿತ್ತಲಿನಿಂದ ಕೇಳಿಸುತ್ತಿತ್ತು: ‘ಏ ನವಾಬಾ, ನಾಚಿಕಿ ಬರೂದಿಲ್ಲೇನೋ ನಿನಗ? ಹಾಲ ಕುಡ್ಯಾಂವ ನೀ, ಮಣ್ಣ ಬಳಿಯಾಕಿ ನಾನೇನೋ?’ ಆ ಮನೆಯಲ್ಲಿ ಉಳಿದಿದ್ದ ಏಕವಚನವೆಲ್ಲ ಆ ಬೆಕ್ಕಿನ ಪಾಲಾಗಿತ್ತು. ಹಾಲೂ ಸೇರಿದಂತೆ.

ನಂತರ ಶಿಗ್ಗಾಂವಿ, ಹಾನಗಲ್ಲ ಕಡೆ ವರ್ಗವಾಗಿ ನಿವೃತ್ತನಾದೆ. ಅಲ್ಲಿಯೂ ಬೆಕ್ಕು, ನಾಯಿ, ಕೋಳಿಗಳ ಅರ್ಜಿಗಳಿಗೆ ಬರವಿರಲಿಲ್ಲ. ‘ಏಕವಚನದಾಗ ಬೈದಾರ್ರಿ’ ಎಂದು ಯಾರಾದರೂ ಹೇಳಿದರೆ ನಾನು ಪೆನ್ನು ಕೆಳಗಿಟ್ಟು, ‘ಎಷ್ಟ ವರ್ಷದಿಂದ?’ ಎಂದು ಕೇಳುತ್ತಿದ್ದೆ. ‘ಸಣ್ಣಾಂವ ಇದ್ದಾಗಿಂದ್ರಿ’ ಎಂಬ ಉತ್ತರ ಬಂದರೆ, ಆ ಏಕವಚನವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ರಾಜಿ ಮಾಡಿಸಿ ಕಳಿಸುತ್ತಿದ್ದೆ.