ಸುಣ್ಣ ಬಳಿದ ಬಿರುಕು

ಬಿರುಕು ಬಿಟ್ಟ ಮನೆಗಳ ರಿಪೇರಿಗೆ ಸರ್ಕಾರ ನೆರವು ಕೊಡುತ್ತದೆ. ಬಿರುಕು ಫೋಟೊದಲ್ಲಿ ಕಾಣಬೇಕು, ಅಷ್ಟೇ. ಆ ಫೋಟೊ ತೆಗೆಯಲು ಬಂಗಾರಪೇಟೆಯ ಆಫೀಸಿನಿಂದ ನನ್ನನ್ನು ನಂದಿದುರ್ಗ ಎಂಬ ಹಳೇ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಗಳಿಗೆ ಅಟ್ಟಿದ್ದರು.

ಸೆಲ್ವಿಯಮ್ಮನ ಮನೆಗೆ ಕಾಲಿಟ್ಟರೆ, ಗೋಡೆ ಮದುವೆ ಮನೆಯ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು.

"ಬಿರುಕು ಎಲ್ಲಮ್ಮ?" ಅಂದೆ.

"ಅಂಗೈ ಓಗೋವಷ್ಟಿತ್ತು ಸಾರ್. ನೀವು ಬತ್ತೀರ ಅಂತ ನೆನ್ನೆ ಸಿಮೆಂಟು ಮೆತ್ತಿ ಸುಣ್ಣ ಬಳಿಸ್ದೆ. ಆಫೀಸರ್‌ನ ಒಡಕು ಮನೇಲಿ ಎಂಗೆ ಕೂರ್ಸೋದು?" ಎನ್ನುತ್ತಾ ಕಾಫಿ ಲೋಟ ಕೈಗಿಟ್ಟರು.

ನಮ್ಮ ಸಾಹೇಬರಿಗೆ ಫೋನ್ ಮಾಡಿದೆ. "ಕಾಣದಿದ್ರೆ ಇಲ್ಲ ಅಂತ ಬರ್ಕೊಳ್ರಿ" ಅಂದರು.

ಅದನ್ನು ಕೇಳಿಸಿಕೊಂಡ ಸೆಲ್ವಿಯಮ್ಮ ಒಳಗಿಂದ ಹಾರೆ ತಂದೇಬಿಟ್ಟರು. "ಒಂದ್ನಿಮಿಷ ಸಾರ್, ಕಿತ್ತು ತೋರಿಸ್ತೀನಿ."

ಮನೆಯವರೇ ಒಡೆದುಕೊಂಡ ಗೋಡೆಗೆ ನೆರವಿಲ್ಲ ಎಂಬ ನಿಯಮವೂ ಇದೆ. ಅದನ್ನು ಅವರದೇ ಕಾಫಿ ಹೀರುತ್ತಾ ಹೇಳಿದೆ.

"ಅಂಗಾದ್ರೆ ಏನ್ ಮಾಡ್ಲಿ?"

"ಗೋಡೆ ತಾನಾಗೇ ಮತ್ತೆ ಬಿರಿದಾಗ ಅರ್ಜಿ ಹಾಕಿ."

"ಅವಾಗ ನಾನು ಒಳಗಿದ್ರೆ?"

ಅದಕ್ಕೆ ಫಾರಂನಲ್ಲಿ ಕಾಲಂ ಇರಲಿಲ್ಲ. "ಮನೆ ಸುಸ್ಥಿತಿಯಲ್ಲಿದೆ" ಎಂದು ಬರೆದುಕೊಂಡು ಬಂದೆ.

ಸಂಜೆ ಆಫೀಸಿಗೆ ಮರಳಿದರೆ, ನನ್ನ ಮೇಜಿನ ಹಿಂದಿನ ಗೋಡೆಯ ಬಿರುಕಿಗೆ ಗಾರೆಯವನೊಬ್ಬ ಸಿಮೆಂಟು ಮೆತ್ತುತ್ತಿದ್ದ.

"ನಾಳೆ ಜಿಲ್ಲೆಯಿಂದ ದೊಡ್ಡ ಸಾಹೇಬ್ರು ಬರ್ತಿದಾರಲ್ರಿ," ಅಂದರು ನಮ್ಮ ಸಾಹೇಬರು. "ಒಡಕು ಗೋಡೆ ನೋಡಿದ್ರೆ ಏನಂದ್ಕೊಳ್ತಾರೆ?"

ನಾನು ನನ್ನ ಕುರ್ಚಿಯನ್ನು ಗೋಡೆಯಿಂದ ಎರಡಡಿ ಈಚೆಗೆ ಎಳೆದುಕೊಂಡು ಕೂತೆ.