ಆರು ಜನ ಪುಟ್ಟಮ್ಮಂದಿರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತೀರಿಹೋದ ಒಬ್ಬ ಹೆಂಗಸಿನ ದನಿಯನ್ನು ನಕಲು ಮಾಡಿ, ಯಾರಿಗೂ ಹೇಳದೆ, ಮದುವೆಮನೆಯ ಸ್ಪೀಕರಿನಲ್ಲಿ ಹಾಕಿದವನು ನಾನು. ಹೀಗೆ ತಪ್ಪನ್ನು ಬಾಗಿಲಲ್ಲೇ ಇಟ್ಟುಬಿಟ್ಟರೆ ಒಂದು ಅನುಕೂಲವಿದೆ. ಮುಂದೆ ನಾನು ಎಷ್ಟೇ ತಮಾಷೆ ಮಾಡಿದರೂ ನೀವು ಪೂರ್ತಿ ನಗುವುದಿಲ್ಲ. ನನ್ನ ವಿಷಯದಲ್ಲಿ ಅಷ್ಟು ಎಚ್ಚರ ಇರುವುದು ಒಳ್ಳೆಯದು.

ಮೊನ್ನೆ ಬೆಳಿಗ್ಗೆ ರಮ್ಯಾ ಫೋನ್ ಮಾಡಿದ್ದಳು. ತುಮಕೂರು ರಸ್ತೆಯ ಮಾಕಳಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಯಜಮಾನರ ಮಗಳು. ಅವಳ ಅಜ್ಜಿ ಪುಟ್ಟಮ್ಮ ಹೋದ ತಿಂಗಳು ತೀರಿಕೊಂಡರಂತೆ. "ಅಜ್ಜಿ ಹಾಡಿದ್ದು ನಿನ್ ಹತ್ರ ಇನ್ನೂ ಇದ್ಯೇನೋ? ನನ್ ಮಗಳು ಅಜ್ಜಿ ಎಲ್ಲಿ ಅಜ್ಜಿ ಎಲ್ಲಿ ಅಂತ ಪ್ರಾಣ ತಿಂತಾಳೆ" ಎಂದಳು. ಹುಡುಕುತ್ತೇನೆ ಎಂದೆ. ಈಗ ನಾನಿರುವುದು ಊರಿನ ಇನ್ನೊಂದು ತುದಿಯ ಹೂಡಿಯಲ್ಲಿ. ಮಂಚದಡಿಯಿಂದ ಹಳೆಯ ಕಂಪ್ಯೂಟರನ್ನು ಎಳೆದು, ಒರೆಸುವಷ್ಟೂ ತಾಳ್ಮೆಯಿಲ್ಲದೆ ಪ್ಲಗ್ ಚುಚ್ಚಿದೆ. ಒಳಗಿನ ಫ್ಯಾನು ಎರಡು ಸಲ ಕೆಮ್ಮಿ ತಿರುಗತೊಡಗಿತು. ಏಳೆಂಟು ವರ್ಷದ ಧೂಳು ನಿಧಾನವಾಗಿ ಬೆಚ್ಚಗಾಗುವ ವಾಸನೆ ಕೋಣೆಯನ್ನು ತುಂಬಿತು. ಇಸ್ತ್ರಿ ಪೆಟ್ಟಿಗೆಗೂ ಸುಟ್ಟ ಕೂದಲಿಗೂ ನಡುವಿನದೊಂದು ವಾಸನೆ ಅದು. ಮೂಗಿಗೆ ತಾಕಿದ್ದೇ ತಡ, ನಾನು ಮಾಕಳಿಯ ಮಹಡಿ ರೂಮಿನಲ್ಲಿದ್ದೆ.

ಆಗ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಬೇರಿಂಗುಗಳನ್ನು ತಿರುಗಿಸಿ ನೋಡಿ ಡಬ್ಬಕ್ಕೆ ಹಾಕುವುದು ನನ್ನ ಕೆಲಸ. ಅದು ಹೊಟ್ಟೆಪಾಡು. ನಿಜವಾದ ಉದ್ಯೋಗ ಮಿಮಿಕ್ರಿ. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಎರಡು ಹಾಡುಗಳ ನಡುವೆ ಹತ್ತು ನಿಮಿಷ ಸಿಕ್ಕರೆ ಕುಕ್ಕರಿನ ಸೀಟಿ, ಕಂಡಕ್ಟರ್, ಮಿಕ್ಸಿ, ಮಿಕ್ಸಿಯ ಮುಂದೆ ನಿಂತು ಕೂಗಾಡುವ ಅತ್ತೆ, ಎಲ್ಲರನ್ನೂ ಕರೆತರುತ್ತಿದ್ದೆ. ಒಮ್ಮೆ ಕಾರ್ಖಾನೆಯಲ್ಲಿ ನಮ್ಮ ಸೂಪರ್‌ವೈಸರ್ ಕೆಮ್ಮುವುದನ್ನು ಮಾಡಿ ತೋರಿಸುತ್ತಿದ್ದಾಗ ಅವರೇ ಹಿಂದೆ ಬಂದು ನಿಂತಿದ್ದರು. ಪೂರ್ತಿ ಕೇಳಿಸಿಕೊಂಡು, "ಕೊನೇ ಕೆಮ್ಮು ಇನ್ನೂ ಸ್ವಲ್ಪ ಒಳಗಿಂದ ಬರ್ಬೇಕು ಗುರು" ಎಂದು ಹೇಳಿ ಹೋದರು. ನನಗೆ ಸಿಕ್ಕ ವಿಮರ್ಶೆಗಳಲ್ಲಿ ಅದೇ ಅತ್ಯುತ್ತಮ.

ಮಹಡಿಯ ರೂಮಿನಲ್ಲಿ ಒಂದು ಜೋಡಿಸಿದ ಕಂಪ್ಯೂಟರ್, ಒಂದು ಮೈಕು ಇಟ್ಟು, ಸದ್ದು ಮಾರ್ದನಿಸದಿರಲೆಂದು ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿ ಅದನ್ನು ಸ್ಟುಡಿಯೋ ಎಂದು ಕರೆಯುತ್ತಿದ್ದೆ. ಪುಟ್ಟಮ್ಮ ಮೊದಲ ಸಲ ಮೆಟ್ಟಿಲು ಹತ್ತಿ ಬಂದು ಆ ಟ್ರೇಗಳನ್ನು ಕಂಡಾಗ, "ಕೋಳಿ ಸಾಕ್ತಾ ಇದ್ದೀಯೇನ್ಲಾ? ಇಲ್ಲೆಲ್ಲಾ ಗಬ್ಬೆದ್ದೋದ್ರೆ ನಾನ್ ಸುಮ್ಕಿರಾಕಿಲ್ಲ" ಅಂದಿದ್ದರು.

ಅವರದು ಮಾಕಳಿಯ ಹಳೆಯ ಮನೆತನ. ಹೊಲವಿದ್ದ ಕಡೆ ಗೋಡೌನು ಬಂದಿತ್ತು. ದನದ ಕೊಟ್ಟಿಗೆಯಿದ್ದ ಕಡೆ ನಮ್ಮಂಥವರ ರೂಮುಗಳು. ಮನೆಯ ಇನ್ನೊಂದು ಭಾಗದಲ್ಲಿ ಪುಟ್ಟಮ್ಮನ ವಾರಗಿತ್ತಿ ಜಯಮ್ಮ. ಒಬ್ಬರು ಅಣ್ಣನ ಹೆಂಡತಿ, ಒಬ್ಬರು ತಮ್ಮನ ಹೆಂಡತಿ. ಇಬ್ಬರಿಗೂ ಗಂಡಂದಿರು ಹೋಗಿ ಬಹಳ ವರ್ಷವಾಗಿತ್ತು. ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಾದರೂ ಈ ಇಬ್ಬರು ಹೋಗಿ ಸೋಬಾನೆ ಪದ ಹೇಳಲೇಬೇಕು. ಮೊದಲು ಏಳೆಂಟು ಜನ ಇದ್ದರಂತೆ. ನಾನು ನೋಡುವ ಹೊತ್ತಿಗೆ ಇಬ್ಬರೇ.

ಆ ಪದ ಹೇಳುವುದರಲ್ಲಿ ಒಂದು ಕ್ರಮವಿತ್ತು. ಪುಟ್ಟಮ್ಮ ಒಂದು ಸೊಲ್ಲು ಎತ್ತುತ್ತಿದ್ದರು. ಅದು ಮುಗಿಯುವ ಮುಂಚೆಯೇ ಎಡಗಡೆ ಕೂತ ಜಯಮ್ಮ ಅದರ ಬಾಲ ಹಿಡಿದು ಮುಂದಕ್ಕೆ ಎಳೆಯುತ್ತಿದ್ದರು. ಅಷ್ಟರಲ್ಲಿ ಪುಟ್ಟಮ್ಮ ಉಸಿರು ತೆಗೆದುಕೊಂಡಿರುತ್ತಿದ್ದರು. ಆಮೇಲೆ ಜಯಮ್ಮನ ಉಸಿರು ಮುಗಿಯುವ ಹೊತ್ತಿಗೆ ಇವರು. ಹೀಗೆ ಒಂದು ಗಂಟೆ ಹೇಳಿದರೂ ಎಲ್ಲೂ ಕಡಿಯುತ್ತಿರಲಿಲ್ಲ. ಒಬ್ಬರೇ ಕೂತು, ನಿಲ್ಲಿಸಿ ನಿಲ್ಲಿಸಿ ಹಾಡುವುದು ಸಾವಿನ ಮನೆಯಲ್ಲಿ ಮಾತ್ರ. ಮದುವೆಯಲ್ಲಿ ಸೊಲ್ಲು ಕಡಿದರೆ ಪುಟ್ಟಮ್ಮನಿಗೆ ಜೀವವೇ ಕಡಿದಂತಾಗುತ್ತಿತ್ತು.

ಜಯಮ್ಮ ನಶ್ಯ ಏರಿಸುತ್ತಿದ್ದರು. ದನಿ ಮೂಗಿನಲ್ಲಿ ಹುಟ್ಟಿ, ಗಂಟಲಿಗೆ ಬರುವಷ್ಟರಲ್ಲಿ ಒಡೆದು ಎರಡಾಗಿರುತ್ತಿತ್ತು. ನನ್ನಂಥವನ ಕೈಗೆ ಅಂಥ ದನಿ ಸಿಕ್ಕರೆ ಬಿಡುವುದುಂಟೇ? ಮೊದಲ ಸಲ ಮಾಡಿದಾಗ ಪೊರಕೆ ಹಿಡಿದು ಅಟ್ಟಿಸಿಕೊಂಡು ಬಂದರು. ಎರಡನೇ ಸಲ ನಕ್ಕರು. ಮೂರನೇ ಸಲಕ್ಕೆ ನನ್ನ ಪಾಲುದಾರರೇ ಆಗಿಬಿಟ್ಟರು. ಗೋಡೆಯ ಹಿಂದೆ ನನ್ನನ್ನು ನಿಲ್ಲಿಸಿ, "ಈಗ ಕೂಗ್ಲಾ" ಎಂದು ಸನ್ನೆ ಮಾಡುವುದು, ನಾನು ಅವರ ದನಿಯಲ್ಲಿ "ಪುಟ್ಟಕ್ಕಾ, ಆಲು ಉಕ್ತು!" ಎಂದು ಕೂಗುವುದು, ಪುಟ್ಟಮ್ಮ ಒಲೆಯ ಕಡೆ ಓಡುವುದು. ಒಲೆಯ ಮೇಲೆ ಹಾಲೇ ಇರುತ್ತಿರಲಿಲ್ಲ. "ನಿಮ್ಮಿಬ್ರುನ್ನೂ ಒಂದೇ ಅಗ್ಗದಲ್ಲಿ ಕಟ್ಟಾಕ್ಬೇಕು" ಎಂದು ಪುಟ್ಟಮ್ಮ ಬೈಯುವಾಗ ಜಯಮ್ಮ ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದರು.

ಆ ವರ್ಷದ ಆಷಾಢದಲ್ಲಿ ಜಯಮ್ಮ ಹೋದರು. ನಾಲ್ಕು ದಿನ ಜ್ವರ, ಅಷ್ಟೇ. ಆಮೇಲೆ ಪುಟ್ಟಮ್ಮ ಮಾತು ಬಿಡಲಿಲ್ಲ, ಊಟ ಬಿಡಲಿಲ್ಲ, ಪದ ಬಿಟ್ಟರು. ಕರೆಯಲು ಬಂದವರಿಗೆಲ್ಲ ಕಾಫಿ ಕೊಟ್ಟು ಕಳಿಸುತ್ತಿದ್ದರು.

ಅವರೆಕಾಯಿಯ ಕಾಲದಲ್ಲಿ ರಮ್ಯಾಳ ಮದುವೆ ಗೊತ್ತಾಯಿತು. ಅವಳದು ಒಂದೇ ಹಟ. ತನ್ನನ್ನು ಹಸೆಗೆ ಕರೆಯುವಾಗ ಅಜ್ಜಿಯೇ ಪದ ಹೇಳಬೇಕು. "ಒಬ್ಳೇ ಕುಂತ್ಕಂಡು ಯೋಳಕ್ಕೆ ನಿಂದೇನು ಮದ್ವೆನಾ, ಸಾವಾ?" ಎಂದು ಪುಟ್ಟಮ್ಮ ಗದರಿದರು. ರಮ್ಯಾ ಅಳುತ್ತ ಕೂತಳು. ಸೊಸೆಯಂದಿರಿಗೆ ಪದ ಬರದು. ಬರುತ್ತಿದ್ದವರಲ್ಲಿ ಯಾರೂ ಉಳಿದಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಮಹಡಿಯಿಂದ ಇಳಿದು ಬಂದ ಮಹಾನುಭಾವ ನಾನು.

"ಅಜ್ಜಿ, ಇದಕ್ಯಾಕೆ ಇಷ್ಟ್ ತಲೆ ಕೆಡಿಸ್ಕೊಂತೀರಾ? ಒಂದ್ ಬಟನ್ ಒತ್ತಿದ್ರೆ ನಿಮ್ಮೊಬ್ರುನ್ನ ಆರು ಜನ ಮಾಡ್ಬಿಡ್ತೀನಿ" ಎಂದೆ.

ಸುಳ್ಳಲ್ಲ. ಕೋರಸ್ ಎಂಬ ಪ್ಲಗಿನ್ ಒಂದಿದೆ. ಹಾಡು ಕೂಡಿಸುವ ಸಾಫ್ಟ್‌ವೇರಿನೊಳಗೆ ಸಿಕ್ಕಿಸಿಕೊಂಡರೆ ಪರದೆಯ ಮೇಲೆ ನೀಲಿ ಡಬ್ಬದಂತೆ ತೆರೆದುಕೊಳ್ಳುತ್ತದೆ, ಮೂರ್ನಾಲ್ಕು ತಿರುಗಣೆಗಳೊಂದಿಗೆ. ಪೀಣ್ಯದಲ್ಲಿ ಶಿಫ್ಟ್ ಬಿಡುವಾಗ ನಾಲ್ಕೈದು ಕಾರ್ಖಾನೆಗಳ ಸೈರನ್ ಕೂಗುವುದನ್ನು ನೀವು ಕೇಳಿರಬಹುದು. ಎಲ್ಲವೂ ಒಂದೇ ಕೂಗು. ಆದರೆ ಒಂದು ಕೂದಲೆಳೆಯಷ್ಟು ತಡ, ಇನ್ನೊಂದು ಕೊಂಚ ಮೇಲು, ಮತ್ತೊಂದು ಕೊಂಚ ನಡುಕ. ಹಾಗಾಗಿ ಊರೇ ಕೂಗಿದಂತೆ ತುಂಬಿಕೊಳ್ಳುತ್ತದೆ. ಪ್ಲಗಿನ್ ಮಾಡುವುದೂ ಅದನ್ನೇ. ಒಂದು ದನಿಯ ಪ್ರತಿಗಳನ್ನು ತೆಗೆದು, ಒಂದೊಂದನ್ನೂ ಚೂರು ತಡ ಮಾಡಿ, ಚೂರು ಅಲುಗಾಡಿಸಿ, ಎಡಕ್ಕೂ ಬಲಕ್ಕೂ ಹರಡುತ್ತದೆ. ಒಬ್ಬರು ಹಾಡಿದರೆ ಒಂದು ಗುಂಪು ಎದ್ದು ನಿಲ್ಲುತ್ತದೆ. ನಾನು ಅದನ್ನು ಯಾವ ಘನಕಾರ್ಯಕ್ಕೆ ಬಳಸುತ್ತಿದ್ದೆನೆಂದರೆ, ನನ್ನದೇ ಕುಕ್ಕರ್ ಸೀಟಿಯನ್ನು ಛತ್ರದ ಅಡುಗೆಮನೆ ಮಾಡುವುದಕ್ಕೆ.

ಒಂದು ಭಾನುವಾರ ಮಧ್ಯಾಹ್ನ, ಪಕ್ಕದ ಲೇತು ಮಷೀನಿಗೆ ರಜೆ ಇದ್ದಾಗ, ಪುಟ್ಟಮ್ಮ ಮೈಕಿನ ಮುಂದೆ ಕೂತರು. ತುಮಕೂರು ರಸ್ತೆಯ ಲಾರಿಗಳಿಗೆ ಮಾತ್ರ ರಜೆಯಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಹಾಡಿದರು. ಪ್ರತಿ ಸೊಲ್ಲಿನ ಕೊನೆಗೂ ತಲೆ ಎಡಕ್ಕೆ ತಿರುಗುತ್ತಿತ್ತು. ಅಲ್ಲಿ ನನ್ನ ಬಟ್ಟೆ ಒಣಗುವ ಹಗ್ಗ ಬಿಟ್ಟರೆ ಏನೂ ಇರಲಿಲ್ಲ. ನಿಂತು, ಸದ್ದು ಮಾಡಿ ಉಸಿರು ತೆಗೆದುಕೊಂಡು, ಮುಂದಿನದನ್ನು ಎತ್ತುತ್ತಿದ್ದರು.

ನಮ್ಮ ಕಸುಬಿನಲ್ಲಿ ಉಸಿರಿನ ಸದ್ದೆಂದರೆ ಕಸ. ಒಂದೊಂದನ್ನೂ ಆರಿಸಿ ಕತ್ತರಿಸಿ ತೆಗೆದೆ. ಕೋರಸ್ ಹಾಕಿದೆ. ಆರು ದನಿ. ಹೆಡ್‌ಫೋನನ್ನು ಪುಟ್ಟಮ್ಮನ ಕಿವಿಗಿಟ್ಟೆ. ಅವರು ಬೆಚ್ಚಿ ಹಿಂದೆ ನೋಡಿದರು.

"ಇವ್ರೆಲ್ಲಾ ಯಾರ್ಲಾ?"

"ಎಲ್ಲಾ ನೀವೇ ಅಜ್ಜಿ."

ಇನ್ನಷ್ಟು ಹೊತ್ತು ಕೇಳಿಸಿಕೊಂಡರು. ಆಮೇಲೆ ಹೆಡ್‌ಫೋನ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. "ಎಲ್ಲಾ ನಾನೇ ಆದ್ರೆ ಎಲ್ರಿಗೂ ಒಂದೇ ಸಲಕ್ಕೆ ಉಸ್ರು ಮುಗೀತದಲ್ಲ. ನಾನ್ ನಿಲ್ಲಿಸ್ದಾಗ ಯಾರೋ ಒಬ್ರು ಇಡ್ಕಾಬೇಕಲ್ವಾ?"

ತಿರುಗಣೆಯನ್ನು ತಿರುಗಿಸಿ ಹನ್ನೆರಡು ದನಿ ಮಾಡಿದೆ. ಹನ್ನೆರಡು ಜನ ಪುಟ್ಟಮ್ಮಂದಿರು ಒಟ್ಟಿಗೆ ಹಾಡಿ, ಒಟ್ಟಿಗೆ ಸುಮ್ಮನಾದರು. ಜನ ಹೆಚ್ಚಿದಷ್ಟೂ ನಡುವಿನ ಖಾಲಿ ಹೆಚ್ಚಾಗಿ ಕಾಣುತ್ತಿತ್ತು. ಮತ್ತೆ ಆರಕ್ಕೇ ಇಳಿಸಿದೆ. ನನ್ನ ಮುಖ ನೋಡಿ ಅವರಿಗೇ ಪಾಪ ಅನ್ನಿಸಿರಬೇಕು. "ಓಗ್ಲಿ ಬುಡು. ಮಗಾ ಆಸೆಪಟ್ಟೈತೆ. ಇದ್ನೇ ಆಕು" ಎಂದು ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು.

ಅಲ್ಲಿಗೆ ಬಿಟ್ಟಿದ್ದರೆ ಈ ಪ್ರಬಂಧವಿರುತ್ತಿರಲಿಲ್ಲ. ಆ ಖಾಲಿ ಜಾಗಗಳು ನನ್ನನ್ನು ಕೆಣಕುತ್ತಿದ್ದವು. ಅಲ್ಲಿಗೆ ಯಾರ ದನಿ ಬೇಕೆಂದು ನನಗೆ ಗೊತ್ತಿತ್ತು. ಆ ದನಿ ನನ್ನ ಮೂಗಿನಲ್ಲೇ ಇತ್ತು. ಬಾಗಿಲು ಹಾಕಿಕೊಂಡು, ಮೂಗು ಹಿಂಡಿಕೊಂಡು, ಪ್ರತಿ ಸೊಲ್ಲಿನ ಬಾಲವನ್ನೂ ಜಯಮ್ಮನಾಗಿ ಹಿಡಿದು ಎಳೆದೆ. ಪುಟ್ಟಮ್ಮನಿಗೆ ಉಡುಗೊರೆ ಕೊಡುತ್ತಿದ್ದೇನೆ ಎಂದುಕೊಂಡಿದ್ದೆ. ಅದು ಅರ್ಧ ನಿಜ. ಇನ್ನರ್ಧ, ಹಾಡು ಮುಗಿದ ಮೇಲೆ ಛತ್ರದವರೆಲ್ಲ ನನ್ನ ಕಡೆ ತಿರುಗುವುದನ್ನು ನೋಡಬೇಕಿತ್ತು.

ಮದುವೆಯ ದಿನ ಬೆಳಿಗ್ಗೆ ಹಸೆಯ ಪಕ್ಕದಲ್ಲಿ ಚಾಪೆ ಹಾಸಿ ಪುಟ್ಟಮ್ಮನನ್ನು ಕೂರಿಸಿದ್ದರು. ಹೊಸ ಸೀರೆ, ಅದಕ್ಕೆ ಹೊಂದದ ಹಳೆಯ ಕುಪ್ಪಸ. ಸ್ಪೀಕರಿನಿಂದ ಅವರ ಆರು ದನಿಗಳು ಎದ್ದಾಗ ನಾಚಿಕೆಯಿಂದ ತಲೆ ತಗ್ಗಿಸಿಕೊಂಡು ತುಟಿ ಅಲ್ಲಾಡಿಸುತ್ತಿದ್ದರು. ಮೊದಲ ಸೊಲ್ಲು ಮುಗಿಯುತ್ತ ಬಂತು. ಮುಗಿಯುವ ಮುಂಚೆಯೇ ಜಯಮ್ಮನ ಒಡಕು ದನಿ ಬಾಲ ಹಿಡಿಯಿತು.

ಪುಟ್ಟಮ್ಮ ತಲೆ ಎತ್ತಲಿಲ್ಲ. ಚಾಪೆಯ ಮೇಲೆ ಹರಡಿದ್ದ ಸೆರಗನ್ನು ಒಟ್ಟುಮಾಡಿಕೊಂಡು, ಬಲಕ್ಕೆ ಒಂದು ಗೇಣು ಸರಿದು, ಎಡಗಡೆ ಜಾಗ ಬಿಟ್ಟರು.

ಆಮೇಲೆ ಬಾಯಿ ಬಿಟ್ಟು ಹಾಡಿದರು. ತುಟಿಯಲ್ಲಲ್ಲ, ಗಂಟಲಲ್ಲಿ. ಎರಡು ಸೊಲ್ಲು, ಆಷಾಢದಿಂದ ಯಾರೂ ಕೇಳಿರದ ಹಾಗೆ. ರಮ್ಯಾ ಹಸೆಯ ಮೇಲೆ ನಿಂತು ಅಳುತ್ತಿದ್ದಳು. ನಾನು ಕಂಬಕ್ಕೊರಗಿ ಹಿಗ್ಗುತ್ತಿದ್ದೆ.

ಬಾಗಿಲ ಬಳಿ ಯಾರೋ ಕಿಸಕ್ಕನೆ ನಕ್ಕರು. "ಏಯ್, ಇದು ಮೇಲಿನ್ ರೂಮ್‌ನೋನು ಕಣೇ! ಜಯಮ್ಮುನ್ ದನಿ ಮಾಡೋನು!" ನಗು ಒಂದು ಸಾಲಿನಿಂದ ಇನ್ನೊಂದಕ್ಕೆ ಹಬ್ಬಿತು. ಪುಟ್ಟಮ್ಮ ನಿಲ್ಲಿಸಿದರು. ಸ್ಪೀಕರ್ ನಿಲ್ಲಿಸಲಿಲ್ಲ. ಆರು ಜನ ಪುಟ್ಟಮ್ಮಂದಿರೂ ಒಬ್ಬ ಜಯಮ್ಮನೂ ಹಾಡುತ್ತಲೇ ಇದ್ದರು, ಬಾಯಿ ಮುಚ್ಚಿ ಕೂತ ಒಬ್ಬ ಪುಟ್ಟಮ್ಮನ ತಲೆಯ ಮೇಲೆ. ನಿಲ್ಲಿಸುವ ಗುಂಡಿ ಎಲ್ಲಿದೆಯೆಂದು ನನಗೊಬ್ಬನಿಗೇ ಗೊತ್ತಿತ್ತು. ಕಂಬ ಬಿಟ್ಟು ಕದಲಲಿಲ್ಲ.

ಎರಡು ದಿನ ಬಿಟ್ಟು ಜಗಲಿಗೆ ಹೋದೆ. ಪುಟ್ಟಮ್ಮ ಅವರೆಕಾಳು ಹಿಸುಕುತ್ತ ಕೂತಿದ್ದರು. "ತಪ್ಪಾಯ್ತು ಅಜ್ಜಿ" ಎಂದೆ. ಬೈಗುಳ ಬರಲೆಂದು ಕಾದೆ. ಬೈಗುಳಕ್ಕೆ ನನ್ನಲ್ಲಿ ಯಾವಾಗಲೂ ಉತ್ತರವಿರುತ್ತದೆ. ಅವರು ಬೊಗಸೆ ಕಾಳು ಹಿಸುಕಿ ಮುಗಿಸಿ ಹೇಳಿದರು: "ಬಂದ್ಲು ಅಂತ ಜಾಗ ಬುಟ್ನಲ್ಲೋ ನಾನು."

ಅಷ್ಟೇ. ಆಮೇಲೆ ಒಳಗೆ ಹೋಗಿ ಕಾಫಿ ತಂದುಕೊಟ್ಟರು. ಪದಕ್ಕೆ ಕರೆಯಲು ಬಂದವರಿಗೆ ಕೊಡುತ್ತಿದ್ದರಲ್ಲ, ಅದೇ ಲೋಟದಲ್ಲಿ. ಹೊಸ ಕೆಲಸವೆಂದು ನೆಪ ಹೇಳಿ ಎರಡು ತಿಂಗಳಲ್ಲಿ ರೂಮು ಖಾಲಿ ಮಾಡಿದೆ. ಆಮೇಲೆ ಅವರು ಯಾವತ್ತೂ ಹಾಡಲಿಲ್ಲವೆಂದು ರಮ್ಯಾ ಮೊನ್ನೆ ಫೋನಿನಲ್ಲಿ ಹೇಳಿದಳು, ಆಪಾದನೆಯಂತಲ್ಲ, ಸುದ್ದಿಯಂತೆ.

ಈಗ ಆ ಹಾಡನ್ನು ತೆರೆದೆ. ಮೊದಲು ನನ್ನ ಜಯಮ್ಮನನ್ನು ಮಾತ್ರ ಕೇಳಿಸಿಕೊಂಡೆ. ಏನು ಹೇಳಲಿ? ಚೆನ್ನಾಗಿಲ್ಲ. ಮೂಗು ಹಿಂಡಿಕೊಂಡ ಒಬ್ಬ ಹುಡುಗ, ಅಷ್ಟೇ. ಅಷ್ಟಕ್ಕೇ ಆಕೆ ಜಾಗ ಬಿಟ್ಟಿದ್ದರು. ಅದಕ್ಕಿಂತ ಕೆಟ್ಟದ್ದು, ನಿಜವಾದ ಜಯಮ್ಮನ ದನಿಯನ್ನು ನೆನಪಿಸಿಕೊಳ್ಳಲು ಕಣ್ಣು ಮುಚ್ಚಿದರೆ ನನಗೆ ಕೇಳಿಸುವುದು ಈ ಹುಡುಗನ ದನಿಯೇ. ಎಷ್ಟು ಸಲ ನಕಲು ಮಾಡಿದ್ದೆನೆಂದರೆ ಅಸಲು ಅಳಿಸಿಹೋಗಿದೆ. ಆ ದನಿಯನ್ನು ಅಳಿಸಿದೆ. ಕೋರಸ್ ತೆಗೆದುಹಾಕಿದೆ. ತಳದಲ್ಲಿ, ಆ ಭಾನುವಾರ ಮಧ್ಯಾಹ್ನ ಹಿಡಿದಿದ್ದ ಮೂಲ ದನಿ, ನಾನು ಕತ್ತರಿಸುವ ಮುಂಚಿನದು, ಹಾಗೇ ಇತ್ತು. ಒಬ್ಬರೇ ಪುಟ್ಟಮ್ಮ. ಹಿಂದೆ ಲಾರಿ.

ರಮ್ಯಾಗೆ ಫೋನ್ ಮಾಡಿ ಸ್ಪೀಕರಿನ ಹತ್ತಿರ ಹಿಡಿದೆ. ಮೂರು ಸೊಲ್ಲು ಕೇಳಿಸಿದೆ. ನನಗೆ ಸುಮ್ಮನಿರಲು ಬರುವುದಿಲ್ಲವಲ್ಲ. ಕಸುಬಿನ ಭಾಷೆಗೆ ಇಳಿದೆ. "ಕ್ಲೀನ್ ಮಾಡಿ ಕಳಿಸ್ತೀನಿ ಕಣೇ. ಲಾರಿ ತೆಗೀತೀನಿ. ಮಧ್ಯೆ ಮಧ್ಯೆ ಖಾಲಿ ಖಾಲಿ ಇದೆ ನೋಡು, ಅದನ್ನೂ ಕಟ್ ಮಾಡಿ ಸೇರಿಸ್ಲಾ?"

"ಖಾಲಿ ಅಲ್ಲ ಕಣೋ ಅದು. ಅಜ್ಜಿ ಉಸಿರಾಡ್ತಾ ಇದಾರೆ. ಮುಟ್ಬೇಡ."