ಬುರುಲ್ ಎಜೆ ಜೋಡಿಸಿದ ಉಗ್ರಾಣ

ಓಶ್ ನಗರದಲ್ಲಿ ನಾನು ದುಡಿಯುವ ಖಾಸಗಿ ರಕ್ತನಿಧಿಯ ಸರ್ವರ್ ಕೋಣೆಗೆ ಮೊದಲ ಸಲ ಬಂದ ದಿನ ಬುರುಲ್ ಎಜೆ ಹೊಸ್ತಿಲಲ್ಲೇ ನಿಂತು ತಲೆವಸ್ತ್ರದ ತುದಿಯನ್ನು ಮೂಗಿಗೆ ಒತ್ತಿಕೊಂಡರು. ನೆಲದ ತುಂಬ ಸೂರ್ಯಕಾಂತಿ ಬೀಜದ ಸಿಪ್ಪೆ. ಒಂದು ಸರ್ವರಿನ ಬೆನ್ನ ಮೇಲೆ ಯಾರೋ ಸಂಸಾ ಎಂಬ ಮಾಂಸದ ಕಡುಬು ತಿಂದು ಕೈಯೊರೆಸಿದ ಕುರಿಕೊಬ್ಬಿನ ಪಸೆ. ಗಾಳಿಯಾಡುವ ಜಾಲರಿಯಲ್ಲಿ ಸಿಗರೇಟಿನ ಮೋಟು.

"ನಾನು ದನದ ಕೊಟ್ಟಿಗೆ ಬಳಿದು ಬೆಳೆದವಳು ಕಣಮ್ಮ, ಅಲ್ಲೂ ಇಷ್ಟು ಗಲೀಜು ನೋಡಿಲ್ಲ," ಎಂದರು ನನಗೆ.

ನಮ್ಮಲ್ಲಿ ಎಜೆ ಎಂದರೆ ಅಕ್ಕ. ಅವರಿಗೆ ಐವತ್ತೆರಡು. ಹದಿನೈದು ವರ್ಷ ದೂರವಾಣಿ ಕೇಂದ್ರದಲ್ಲಿ ತಂತಿ ಜೋಡಿಸಿದವರು. ಅದು ಮುಚ್ಚಿದ ಮೇಲೆ ಸರ್ವರ್ ಕೆಲಸವನ್ನು ತಾವೇ ಕಲಿತವರು.

ಅವರನ್ನು ಕರೆಸಿದ್ದು ಸಣ್ಣ ಕೆಲಸಕ್ಕೆ. ನಮ್ಮಲ್ಲಿ ಎರಡು ಸರ್ವರ್. ದಾನಿಗಳ ದಾಖಲೆ ಇಡುವ ವರ್ಚುವಲ್ ಮೆಷಿನ್, ಅಂದರೆ ಸರ್ವರಿನೊಳಗೇ ತಂತ್ರಾಂಶದಿಂದ ಕಟ್ಟಿದ ಕಂಪ್ಯೂಟರ್, ಎರಡನೆಯದರಲ್ಲಿ ಓಡುತ್ತಿತ್ತು, ಅದರ ಫ್ಯಾನ್ ನರಳುತ್ತಿತ್ತು. ಫ್ಯಾನ್ ಬದಲಿಸುವ ಹೊತ್ತಿಗೆ ಆ ಮೆಷಿನ್ ನಿಲ್ಲದೆಯೇ ಮೊದಲನೆಯ ಸರ್ವರಿಗೆ ದಾಟಬೇಕು. ದಾಟಬೇಕಾದರೆ ಅದರ ಡಿಸ್ಕ್ ಎರಡೂ ಸರ್ವರುಗಳಿಗೆ ಕಾಣುವ ಒಂದೇ ಉಗ್ರಾಣದಲ್ಲಿರಬೇಕು. ಚಳಿಗಾಲದಲ್ಲಿ ಒಬ್ಬ ಗುತ್ತಿಗೆದಾರ ಆ ಉಗ್ರಾಣವನ್ನು ಮಾಡಿ ಮುಗಿಸಿದನೆಂದು ಕಾಗದದಲ್ಲಿತ್ತು.

ಎಜೆ ಎರಡೂ ಕಡೆ ನೋಡಿದರು. ಫೋಲ್ಡರ್ ಹೆಸರು ಒಂದೇ, ಡಿಸ್ಕಿನ ಕಡತದ ಹೆಸರೂ ಒಂದೇ. ಒಂದರಲ್ಲಿ ಸಣ್ಣದೊಂದು ಕಡತ ಬರೆದಿಟ್ಟು ಇನ್ನೊಂದರಲ್ಲಿ ಹುಡುಕಿದರು. ಇರಲಿಲ್ಲ. ಎರಡೂ ಬೇರೆ ಬೇರೆ ಫೋಲ್ಡರುಗಳು. ಉಗ್ರಾಣಕ್ಕೆಂದು ಕೊಂಡ ಪೆಟ್ಟಿಗೆ ಮೂಲೆಯಲ್ಲಿ ದೀಪ ಮಿಣುಕಿಸುತ್ತ ಖಾಲಿ ಕೂತಿತ್ತು.

"ಫೆಬ್ರವರಿ ಹದಿನೈದು, ಗುರುವಾರ. ಅವತ್ತಿನಿಂದ ಮೊದಲನೇ ಸರ್ವರಿನ ಕಡತವನ್ನ ಯಾರೂ ಮುಟ್ಟಿಲ್ಲ. ಅವತ್ತು ಏನಾಯ್ತು?"

ನನಗೆ ನೆನಪಿತ್ತು. ಅಂದು ಗುತ್ತಿಗೆದಾರ ನಮ್ಮೆದುರು ಆ ಮೆಷಿನನ್ನು ಮೊದಲನೆಯ ಸರ್ವರಿನಲ್ಲಿ ನಿಲ್ಲಿಸಿ, ಎರಡನೆಯದರಲ್ಲಿ ಶುರು ಮಾಡಿ ತೋರಿಸಿದ್ದ. ನಿರ್ದೇಶಕ ಕುಷ್ತಾರ್‌ಬೆಕ್ ಚಪ್ಪಾಳೆ ತಟ್ಟಿದ್ದರು. ಮರುದಿನ ನೋಡಿದರೆ ಸೋಮವಾರದಿಂದ ಬುಧವಾರದವರೆಗಿನ ಮೂರು ದಿನಗಳ ದಾಖಲೆಯೇ ಇರಲಿಲ್ಲ. ನಮೂದಿಸುವ ಕೆಲಸ ನರ್ಸ್ ಉಪೆಲ್‌ಳದು. ಸೋಮಾರಿ, ಸುಳ್ಳಿ ಎಂದು ಅವಳನ್ನು ಕೆಲಸದಿಂದ ತೆಗೆದರು. ಹಾಗೆ ತೆಗೆದುಹಾಕಿದ ಕಾಗದಕ್ಕೆ ಸಾಕ್ಷಿಯಾಗಿ ಸಹಿ ಹಾಕಿದವಳು ನಾನು.

ಎಜೆ ಮೊದಲನೆಯ ಸರ್ವರಿನ ಕಡತದ ಪ್ರತಿ ತೆಗೆದು ತೆರೆದರು. ಮೂರು ದಿನದ ಅರವತ್ತೊಂದು ಮಂದಿ ದಾನಿಗಳೂ ಅಲ್ಲಿದ್ದರು. ಪ್ರತಿ ಸಾಲಿನ ಕೊನೆಗೂ ಉಪೆಲ್ ಹೆಸರು. ಆ ಗುತ್ತಿಗೆದಾರ ಸೋಮವಾರ ಬೆಳಿಗ್ಗೆ ಎರಡನೆಯ ಸರ್ವರಿಗೆ ನಕಲು ಮಾಡಿಟ್ಟು, ಗುರುವಾರ ಆ ಹಳಸಲು ನಕಲನ್ನೇ ಚಾಲೂ ಮಾಡಿದ್ದ.

"ಥೂ," ಎಂದರು ಎಜೆ ಮೆಲ್ಲಗೆ.

ಕುಷ್ತಾರ್‌ಬೆಕ್ ತಮ್ಮ ಕೋಣೆಯಲ್ಲಿ ಹಸಿರು ಚಹಾ ಬಗ್ಗಿಸಿ ಮುಂದಿಟ್ಟರು. "ಎಜೆ, ಅದೆಲ್ಲ ಆಗಿಹೋದ ಮಾತು. ಉಗ್ರಾಣ ಸರಿಮಾಡಿ, ಫ್ಯಾನ್ ಹಾಕಿ. ವರದಿ ಬರೆಯೋದು ಯಾಕೆ? ಆ ಹುಡುಗಿ ಹೇಗಿದ್ರೂ ಬಾಯಿಬಡುಕಿ."

"ನಿಂಗೆ ಗೊತ್ತಿತ್ತಾ, ತಮ್ಮಾ?"

"ಅನುಮಾನ ಇತ್ತು. ಗುತ್ತಿಗೆದಾರ ನಮ್ಮ ಭಾವನ ಕಡೆಯೋನು."

ಎಜೆ ಚಹಾದ ಬಟ್ಟಲು ಪಿಯಾಲೆಯನ್ನು ಬೆರಳ ತುದಿಯಿಂದ ಹಿಂದಕ್ಕೆ ನೂಕಿದರು. "ನಿನ್ನ ಮನೆ ಚಹಾ ನನ್ನ ಗಂಟಲಲ್ಲಿ ಇಳಿಯಲ್ಲ." ನಮ್ಮ ಕಡೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಕುಷ್ತಾರ್‌ಬೆಕ್ ಮುಖ ಕಪ್ಪಿಟ್ಟಿತು.

ಕೆಲಸ ಶುರುವಾಗುವ ಮೊದಲು ಎಜೆ ರಬ್ಬರ್ ಕೈಗವಸು ತೊಟ್ಟು ಕೋಣೆಯನ್ನು ತಾವೇ ಉಜ್ಜಿದರು. ನಾನು ಬಕೆಟ್ ಹಿಡಿದೆ. ಆಮೇಲೆ ಖಾಲಿ ಪೆಟ್ಟಿಗೆಯಲ್ಲಿ ಜಾಗ ಮಾಡಿದರು, ಓದಿ ಬರೆಯುವ ಹಕ್ಕನ್ನು ಎರಡೂ ಸರ್ವರಿಗೆ ಕೊಟ್ಟರು, ಎರಡರಲ್ಲೂ ಅದನ್ನು ಒಂದೇ ದಾರಿಯಲ್ಲಿ, ಒಂದೇ ಹೆಸರಲ್ಲಿ ಜೋಡಿಸಿದರು. ಒಂದರಲ್ಲಿ ಬರೆದದ್ದು ಮರುಕ್ಷಣ ಇನ್ನೊಂದರಲ್ಲಿ ಕಂಡಿತು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ವರ್ಚುವಲ್ ಮೆಷಿನ್ ನಿಲ್ಲಿಸಿ, ಅದರ ಡಿಸ್ಕನ್ನು ಉಗ್ರಾಣಕ್ಕೆ ಸಾಗಿಸಿ, ಮತ್ತೆ ಶುರು ಮಾಡಿದರು.

ಮೂರು ಗಂಟೆಗೆ, ರಕ್ತ ಕೊಟ್ಟು ಬಂದ ಒಬ್ಬ ಲಾರಿ ಚಾಲಕನ ಹೆಸರನ್ನು ಉಪೆಲ್ ಜಾಗದಲ್ಲಿ ಕೂತು ನಾನು ನಮೂದಿಸುತ್ತಿದ್ದಾಗ, ಮೆಷಿನ್ ಮೊದಲನೆಯ ಸರ್ವರಿಗೆ ದಾಟಿತು. ಅಕ್ಷರಗಳು ರೆಪ್ಪೆ ಬಡಿಯುವಷ್ಟು ಹೊತ್ತು ತಡೆದು ಮುಂದುವರಿದವು. ಡಿಸ್ಕ್ ಉಗ್ರಾಣದಲ್ಲಿ ಇದ್ದಲ್ಲೇ ಇತ್ತು, ದಾಟಿದ್ದು ಮೆಷಿನ್ನಿನ ಮೆಮೊರಿಯಲ್ಲಿದ್ದದ್ದು ಮಾತ್ರ.

"ಆಯ್ತೇನಮ್ಮಾ?" ಎಂದ ಚಾಲಕ, ತೋಳು ಮಡಿಸುತ್ತ.

"ಆಯ್ತು," ಎಂದೆ. ಇಷ್ಟು ಸಲೀಸಾದ ಕೆಲಸ. ಇದನ್ನು ಮಾಡದೆ ಒಬ್ಬಳ ಬಾಳಿಗೆ ಮಣ್ಣು ಹಾಕಿದ್ದರು.

ಎಜೆ ಫ್ಯಾನ್ ಬದಲಿಸಿ, ವರದಿಯಲ್ಲಿ ಎಲ್ಲವನ್ನೂ ಬರೆದು, ಅರವತ್ತೊಂದು ಸಾಲುಗಳನ್ನು ಲಗತ್ತಿಸಿ, ಒಂದು ಪ್ರತಿಯನ್ನು ಮಾಲೀಕರಿಗೂ ಇನ್ನೊಂದನ್ನು ಉಪೆಲ್ ಮನೆಗೂ ಕೊಟ್ಟುಬಂದರು. ಕುಷ್ತಾರ್‌ಬೆಕ್‌ರನ್ನು ಮಾಲೀಕರು ಬೇರೆ ಶಾಖೆಗೆ ಕಳಿಸಿದರು, ಸಂಬಳವೇನೂ ಇಳಿಯಲಿಲ್ಲ. ಉಪೆಲ್‌ಗೆ ಕ್ಷಮೆಯ ಪತ್ರವೂ ಹಳೆಯ ಹುದ್ದೆಯೂ ಸಿದ್ಧವಾದವು.

ಅವಳು ಬಂದು ಪತ್ರ ಮಾತ್ರ ತೆಗೆದುಕೊಂಡಳು. ಹೋಗುವಾಗ ನನ್ನ ಮೇಜಿನೆದುರು ನಿಂತಳು.

"ನೀನೂ ಸಹಿ ಹಾಕಿದ್ದೆ ಅಲ್ವಾ?"

"ಹಾಕಿದ್ದೆ."

"ನಾನು ಬರೆಯೋದನ್ನ ಮೂರು ದಿನಾನೂ ಪಕ್ಕದಲ್ಲೇ ಕೂತು ನೋಡಿದ್ಯಲ್ಲ."

ನಾನು ಕುರ್ಚಿಯಿಂದ ಎದ್ದೆ. ಅವಳು ಪತ್ರವನ್ನು ಚೀಲಕ್ಕಿಟ್ಟುಕೊಂಡು, ಗಲೀಜು ಮುಟ್ಟುವವಳ ಹಾಗೆ ಬಾಗಿಲ ಹಿಡಿಕೆಯನ್ನು ತೋಳಿನ ಬಟ್ಟೆಯಿಂದ ಹಿಡಿದು ತೆರೆದು, ಹೊರಟುಹೋದಳು.